ಹಯಾತನಿಗೆ ಕೊಟ್ಟ ಬೇರೆ ಹಾಳೆ

2024ರ ಮಾರ್ಚ್ 11, ಸೋಮವಾರ, ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ಹಯಾತ ಶಿಗ್ಗಾವಿಯ ನನ್ನ ಕಚೇರಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಕಕ್ಷಿದಾರರು ಬಂದ ಹೊತ್ತನ್ನು ಪುಸ್ತಕದಲ್ಲಿ ಬರೆದಿಡುವುದು ನನ್ನ ರೂಢಿ. ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ ಅಂಟಿಕೊಂಡದ್ದು; ಆಮೇಲೆ ವಕೀಲಿ ಹಿಡಿದರೂ ಬಿಟ್ಟುಹೋಗಲಿಲ್ಲ.

ಹಯಾತ ನನಗೆ ಹೊಸಬನಲ್ಲ. ಶಿಗ್ಗಾವಿಗೂ ಸವಣೂರಿಗೂ ನಡುವೆ ಇರುವ ಎಲಿಬಾವಿಯವನು. ಆ ಊರಿನ ಹೈಸ್ಕೂಲಿನಲ್ಲಿ ನನ್ನ ಕಾಕಾ ರಾಘಣ್ಣ ಮೂವತ್ತೊಂದು ವರ್ಷ ಗಣಿತ ಕಲಿಸಿ, ನಿವೃತ್ತಿಯಾದ ಮೇಲೂ ಅಲ್ಲೇ ಉಳಿದಿದ್ದಾರೆ. ಹಯಾತ ಅವರ ಹಳೆಯ ವಿದ್ಯಾರ್ಥಿ. ಮೊದಲು ವೀಳ್ಯದೆಲೆಯ ವ್ಯಾಪಾರ ಮಾಡುತ್ತಿದ್ದ. ಏಳು ವರ್ಷದಿಂದ ಶಿಗ್ಗಾವಿಯ ಒಂದು ಖಾಸಗಿ ಶಾಲೆಗೆ ಮಕ್ಕಳ ವ್ಯಾನ್ ಓಡಿಸುತ್ತಿದ್ದಾನೆ. ವಯಸ್ಸು ನಲವತ್ತೊಂಬತ್ತು. ಎದುರಿಗೆ ಯಾರೇ ಬಂದರೂ ವ್ಯಾನನ್ನು ರಸ್ತೆಯ ಅಂಚಿಗೆ ಇಳಿಸಿ ದಾರಿ ಬಿಡುವ ಜಾತಿಯ ಮನುಷ್ಯ.

"ಕುಂತ್ರಿ ಹಯಾತಣ್ಣ. ಏನು, ಇಷ್ಟು ಲಗೂನ?"

ಅವನು ಕೂರಲಿಲ್ಲ. ನಾಲ್ಕು ಮಡಿಕೆ ಮಾಡಿದ ಒಂದು ಕಾಗದವನ್ನು ಮೇಜಿನ ಮೇಲಿಟ್ಟ.

"ನಾ ರೌಡಿ ಅಂತರಿ, ಅಕ್ಕಾರ."

ಕಾಗದ ಎಲಿಬಾವಿ ಠಾಣೆಯದು. ಶಾಲೆಯ ಆಡಳಿತ ಮಂಡಳಿ ಈ ವರ್ಷದಿಂದ ಎಲ್ಲ ವ್ಯಾನ್ ಚಾಲಕರಿಗೂ ಪೊಲೀಸರ ನಡತೆ ಪ್ರಮಾಣಪತ್ರ ಬೇಕೆಂದಿತ್ತು. ಹಯಾತ ಅರ್ಜಿ ಕೊಟ್ಟಿದ್ದ. 'ಅರ್ಜಿದಾರರ ಹೆಸರು ಈ ಠಾಣೆಯ ರೌಡಿ ಪಟ್ಟಿಯಲ್ಲಿ ಇರುವುದರಿಂದ ಪ್ರಮಾಣಪತ್ರ ನೀಡಲು ಬರುವುದಿಲ್ಲ' ಎಂದು ಉತ್ತರ ಬಂದಿತ್ತು. ಶಾಲೆ ಕೊಟ್ಟ ಕೊನೆಯ ದಿನ ಮೇ 28. ಅಷ್ಟರೊಳಗೆ ಪ್ರಮಾಣಪತ್ರ ಕೊಡದಿದ್ದರೆ ವ್ಯಾನು ಇಲ್ಲ, ಎಲಿಬಾವಿಯ ಮಕ್ಕಳಿಲ್ಲ, ಕೆಲಸವಿಲ್ಲ.

"ಯಾವಾಗಿಂದ ಪಟ್ಟಿನಾಗ ಅದೀರಿ?"

"ನಾನೂ ಅದನ್ನ ಕೇಳಿದ್ನಿರಿ. ಎರಡು ಸಾವಿರದ ಹನ್ನೆರಡರಿಂದ ಅಂದ್ರು. ಹನ್ನೆರಡು ವರ್ಷ ರೌಡಿ ಆಗಿ ಅದೇನಿ, ಒಂದಿನಾನೂ ಗೊತ್ತಾಗಲಿಲ್ಲ ನೋಡ್ರಿ. ಮುಮ್ತಾಜ ಅಂತಾಳ, 'ಮೊದಲ ಹೇಳಿದ್ರ ನಾನೂ ಒಂದೀಟು ಅಂಜತಿದ್ನಲ್ಲ' ಅಂತ."

ಹೆಂಡತಿಯ ಮಾತನ್ನು ಹೇಳಿ ಅವನೇ ನಕ್ಕ. ಆಮೇಲೆ ಕುರ್ಚಿಯ ತುದಿಯಲ್ಲಿ ಕೂತ.

ಪಟ್ಟಿಗೆ ಕಾರಣವಾದ ಪ್ರಕರಣ ನನಗೂ ಗೊತ್ತಿತ್ತು. 2011ರ ಒಂದು ಸಂತೆಯ ದಿನ, ಕೈಗಾಡಿ ನಿಲ್ಲಿಸುವ ಜಾಗದ ಸಲುವಾಗಿ ನೂಕಾಟವಾಗಿ, ಹದಿನಾಲ್ಕು ಜನರ ಮೇಲೆ ಕೇಸಾಗಿತ್ತು. ಬಿಡಿಸಲು ಹೋದ ಹಯಾತನದು ಹನ್ನೊಂದನೆಯ ಹೆಸರು. 2014ರಲ್ಲಿ ಎಲ್ಲರೂ ಖುಲಾಸೆಯಾದರು. ಕೇಸು ಮುಗಿಯಿತು, ಕೇಸಿನಿಂದ ಹುಟ್ಟಿದ ಪಟ್ಟಿ ಮುಗಿಯಲಿಲ್ಲ. ಹೆಸರು ಸೇರಿಸುವಾಗ ಅವನಿಗೆ ಒಂದು ನೋಟೀಸನ್ನೂ ಕೊಟ್ಟಿರಲಿಲ್ಲ. ಖುಲಾಸೆಯಾದಾಗ ಯಾರೂ ಪಟ್ಟಿಯನ್ನು ತೆಗೆದು ನೋಡಿರಲಿಲ್ಲ.

ಧಾರವಾಡದ ಉಚ್ಚ ನ್ಯಾಯಾಲಯದ ಪೀಠದಲ್ಲಿ ರಿಟ್ ಅರ್ಜಿ ಹಾಕುವುದೆಂದು ತೀರ್ಮಾನಿಸಿದೆ. ಕೇಳಿದ್ದು ಎರಡು. ಒಂದು, ಹಯಾತನ ಹೆಸರನ್ನು ತೆಗೆದು ಪ್ರಮಾಣಪತ್ರ ಕೊಡಬೇಕು. ಎರಡು, ತಿಳಿಸದೆ ಹೆಸರು ಸೇರಿಸುವ, ಕಾಲಕಾಲಕ್ಕೆ ಪರಿಶೀಲಿಸದೆ ಉಳಿಸಿಕೊಳ್ಳುವ ಈ ಪದ್ಧತಿಯೇ ಕಾನೂನಿಗೆ ಹೊರತು ಎಂದು ಘೋಷಿಸಬೇಕು. ನಿಜ ಹೇಳಬೇಕೆಂದರೆ ನನ್ನ ಮನಸ್ಸಿದ್ದದ್ದು ಎರಡನೆಯದರ ಮೇಲೆ. ಹಯಾತನಿಗೆ ಬೇಕಾಗಿದ್ದದ್ದು ಮೊದಲನೆಯದು ಮಾತ್ರ.

ಅರ್ಜಿಗೆ ಲಗತ್ತಿಸಲು ಪಟ್ಟಿಯ ನಕಲು ಬೇಕಿತ್ತು. ಠಾಣೆಗೆ ಹೋದರೆ ಕಡತಗಳ ಕಪಾಟಿಗೆ ಬೀಗ ಬಿದ್ದಿತ್ತು.

"ಕೀಲಿ ಹಳೇ ರೈಟರ್ ಹತ್ರ ಐತ್ರಿ ಮೇಡಂ. ಅವರಿಗೆ ಹಿರೇಕೆರೂರ ಕಡೆ ವರ್ಗ ಆಗೇತಿ. ಮನಿ ಹಂಸಭಾವಿನಾಗ ಮಾಡ್ಯಾರ," ಎಂದ ಪಹರೆಯ ಪೊಲೀಸ್.

"ಫೋನ್ ಮಾಡ್ರಿ."

"ಎತ್ತವಲ್ರು."

ಠಾಣೆಯ ರೈಟರ್ ಎಂದರೆ ಅಲ್ಲಿನ ಕಾಗದಪತ್ರ ಬರೆಯುವ ಪೊಲೀಸ್. ಎರಡು ದಿನ ಕಾದು, ಹಯಾತನ ವ್ಯಾನಿನಲ್ಲೇ ಹಂಸಭಾವಿಗೆ ಹೋದೆವು. ರಂಜಾನ್ ಶುರುವಾಗಿತ್ತು, ಹಯಾತ ನೀರು ಸಹ ಮುಟ್ಟದೆ ಆ ಬಿಸಿಲಿನಲ್ಲಿ ಓಡಿಸಿದ. ಹಳೇ ರೈಟರ್ ಬನಿಯನ್ ಮೇಲೆ ಹೊರಗೆ ಬಂದು ನಮ್ಮನ್ನು ನೋಡಿ ಬೆರಗಾದ.

"ಕೀಲಿ? ಕೀಲಿ ನಾ ಯಾಕ ತರ್ಲಿರಿ? ಕಪಾಟಿನ ಹಿಂದ ಮೊಳಿಗೆ ಹಾಕಿ ಬಂದೇನಿ. ಕೈ ಹಾಕಿದ್ರ ಸಿಗ್ತೈತಿ."

ಕೈ ಹಾಕಿದಾಗ ಸಿಕ್ಕಿತು. ಮಾರ್ಚ್ 18ರಂದು ಅರ್ಜಿ ದಾಖಲಾಯಿತು. ಏಪ್ರಿಲ್ 1ರಂದು ಸರಕಾರಿ ವಕೀಲರು ಆಕ್ಷೇಪಣೆ ಸಲ್ಲಿಸಿದರು. ಸಭ್ಯ ಮನುಷ್ಯ, ಠಾಣೆಯವರು ಕಳಿಸಿದ್ದನ್ನು ಹಾಗೆಯೇ ಮುಂದಿಟ್ಟಿದ್ದರು. ಓದುತ್ತ ಹೋದಂತೆ ನನ್ನ ಕಿವಿ ಬಿಸಿಯಾಯಿತು.

'ಅರ್ಜಿದಾರರು 2013ರಿಂದ 2023ರವರೆಗೆ ಪ್ರತಿ ವರ್ಷ, ಒಟ್ಟು ಹನ್ನೊಂದು ಬಾರಿ, ಶಾಂತಿಭಂಗ ಮಾಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟಿರುತ್ತಾರೆ. ಆದ್ದರಿಂದ ಅವರ ಮೇಲೆ ನಿರಂತರ ನಿಗಾ ಅವಶ್ಯವಾಗಿರುತ್ತದೆ.' ಜೊತೆಗೆ ಹನ್ನೊಂದು ಮುಚ್ಚಳಿಕೆಗಳ ಪ್ರತಿಗಳು. ಹನ್ನೊಂದರಲ್ಲೂ ಹಯಾತನ ಸಹಿ. ಕಾಕಾ ಕಲಿಸಿದ ದುಂಡನೆಯ ಅಕ್ಷರ, ಅಲ್ಲವೆನ್ನುವ ಹಾಗಿರಲಿಲ್ಲ.

ಮರುದಿನ ಅವನನ್ನು ಕರೆಸಿದೆ.

"ಹಯಾತಣ್ಣ, ಇಷ್ಟು ದಿನ ಇದನ್ನ ನನಗ್ಯಾಕ ಹೇಳಲಿಲ್ಲ?"

ಅವನು ಹಾಳೆಗಳನ್ನು ಒಂದೊಂದಾಗಿ ತಿರುವಿದ. ಮುಖದಲ್ಲಿ ಮೊದಲು ಗುರುತು ಸಿಕ್ಕ ಸಂತೋಷ.

"ಇವು ಶಾಂತಿ ಸಭಾದವ್ರಿ ಅಕ್ಕಾರ! ಗಣಪತಿ, ಮೊಹರಂ ಬಂದಾಗ ಪಂಚಾಯ್ತಿ ಹಾಲ್‌ನಾಗ ಎರಡೂ ಕಡೀ ಹಿರ್ಯಾರನ್ನ ಕರೀತಾರಲ್ರಿ, ಅದು. ಎಲ್ಲಾರೂ ಸಹಿ ಮಾಡ್ತೇವಿ. ಎಲಿ ಅಡಕಿ ನಾನ ಒಯ್ತೇನಿ ಪ್ರತಿ ವರ್ಷ."

"ಎಲ್ಲಾರೂ ಇದರ ಮ್ಯಾಲೇ ಸಹಿ ಮಾಡ್ತಾರೇನು?"

"ಇಲ್ರಿ. ಅವರಿಗೆಲ್ಲಾ ಒಂದು ಉದ್ದನ್ನ ಹಾಳಿ ಇರ್ತೈತಿ. ಕೆಳಗ ಕೆಳಗ ಸಹಿ ಮಾಡ್ಕೋತ ಹೋಗ್ತಾರ. ನನಗ ಬ್ಯಾರೆ ಹಾಳಿ ಕೊಡ್ತಿದ್ರು." ದನಿ ತಗ್ಗಿಸಿ, "ಎಲಿ ತರ್ತೇನಲ್ಲ, ಮರ್ಯಾದಿಗೆ ಕೊಡ್ತಾರ ಅಂತ ತಿಳಕೊಂಡಿದ್ನಿರಿ," ಎಂದ.

ಓದಿ ನೋಡಲಿಲ್ಲವೇ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ನಮ್ಮ ಕಡೆ ಸಭೆಯ ನಡುವೆ, ಹತ್ತು ಜನ ನೋಡುತ್ತಿರುವಾಗ, ಗುರುತಿನ ಪೊಲೀಸ್ ಪೆನ್ನು ಮುಂದೆ ಚಾಚಿ 'ಮಾಡ್ರಿ ಹಯಾತಣ್ಣ' ಅಂದರೆ, ಹಾಳೆ ತಿರುಗಿಸಿ ಓದಲು ಕೂರುವುದು ಅವನನ್ನು ನಂಬುವುದಿಲ್ಲ ಎಂದು ಎಲ್ಲರೆದುರು ಹೇಳಿದಂತೆ. ಯಾರೂ ಓದುವುದಿಲ್ಲ. ನಾನೂ ಓದುತ್ತಿರಲಿಲ್ಲವೇನೋ.

ಇದರ ತರ್ಕ ನೋಡಿ. ಪಟ್ಟಿಯಲ್ಲಿ ಹೆಸರಿದೆ, ಆದ್ದರಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಮುಚ್ಚಳಿಕೆ ಬರೆದುಕೊಟ್ಟಿದ್ದಾನೆ, ಆದ್ದರಿಂದ ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ. ಉಷ್ಣಮಾಪಕ ತನ್ನ ಮೈಯ ಬಿಸಿಯನ್ನೇ ಅಳೆದು, ಕೋಣೆಗೆ ಜ್ವರ ಬಂದಿದೆ ಎಂದು ವರದಿ ಮಾಡಿದ ಹಾಗೆ. ಈ ಹನ್ನೊಂದು ವರ್ಷಗಳಲ್ಲಿ ಹಯಾತ ಊರಿನ ಶಾಂತಿಗಾಗಿ ಮಾಡಿದ ಏಕೈಕ ಸಾರ್ವಜನಿಕ ಕೆಲಸವೆಂದರೆ ಆ ಸಭೆಗೆ ಹೋಗಿದ್ದು. ಅವನ ವಿರುದ್ಧ ಇದ್ದ ಏಕೈಕ ಸಾಕ್ಷಿಯೂ ಅದೇ.

ಒಂದು ಸಮಾಧಾನವಿತ್ತು. ಹನ್ನೊಂದರಲ್ಲಿ ಒಂದರ ಮೇಲೂ ತಹಶೀಲ್ದಾರರ ಕಚೇರಿಯ ಪ್ರಕರಣ ಸಂಖ್ಯೆ ಇರಲಿಲ್ಲ. ಮುಚ್ಚಳಿಕೆ ಬರೆಸಿಕೊಳ್ಳುವ ಅಧಿಕಾರ ಅವರದು, ಠಾಣೆಯದಲ್ಲ. ಇದನ್ನು ಹೇಳಿದರೆ ಸರಕಾರಿ ವಕೀಲರು ಏನನ್ನುತ್ತಾರೆಂದೂ ಗೊತ್ತಿತ್ತು: ದಾಖಲೆ ಪರಿಶೀಲಿಸಬೇಕು, ಕಾಲಾವಕಾಶ ಬೇಕು. ಕಾಲವೇ ನಮ್ಮಲ್ಲಿ ಇರಲಿಲ್ಲ. ಏಪ್ರಿಲ್ ಕೊನೆಯಲ್ಲಿ ಕೋರ್ಟಿಗೆ ಬೇಸಿಗೆ ರಜೆ, ಮೇ 7ಕ್ಕೆ ಚುನಾವಣೆ, ಮೇ 28ಕ್ಕೆ ಹಯಾತನ ಗಡುವು. ಆ ಸಹಿಗಳು ಶಾಂತಿ ಸಭೆಯಲ್ಲಿ ಆದವು ಎಂದು ಪ್ರಮಾಣ ಮಾಡಿ ಹೇಳುವ ಒಬ್ಬರು ಬೇಕಿತ್ತು.

ಕಾಕಾನ ನೆನಪಾಯಿತು. ಹನ್ನೊಂದು ಸಭೆಗಳಿಗೂ ಹೋಗಿದ್ದವರು.

ಎಲಿಬಾವಿಗೆ ಹೋದಾಗ ಕಾಕಾ ಪಡಸಾಲೆಯಲ್ಲಿ ಕೂತು ಪತ್ರಿಕೆಯ ಸುಡೊಕು ಬಿಡಿಸುತ್ತಿದ್ದರು. ಪೂರ್ತಿ ಕೇಳಿಸಿಕೊಂಡು ಕನ್ನಡಕ ತೆಗೆದರು.

"ಹಯಾತ ಛಲೋ ಹುಡುಗ. ಅದನ್ನ ನಾ ಎಲ್ಲಿ ಬೇಕಾದಲ್ಲಿ ಹೇಳ್ತೇನಿ."

"ಹುಡುಗ ಅಲ್ಲ ಕಾಕಾ, ಐವತ್ತು ಬಂತು ಅವಗ. ಮತ್ತ ನನಗ ಅದು ಬ್ಯಾಡ. ಸಭಾದಾಗ ಅವನ ಕಡಿಂದ ಈ ಹಾಳಿ ಮ್ಯಾಲೆ ಸಹಿ ತೊಗೊಂಡ್ರು ಅಂತ ಕೋರ್ಟಿಗೆ ಒಂದು ಅಫಿಡವಿಟ್ ಕೊಡ್ರಿ."

"ಅದು ಹ್ಯಾಂಗ ಕೊಡ್ಲಿ? ಅವಗ ಒಂದು ಬ್ಯಾರೆ ಹಾಳಿ ಕೊಟ್ರು, ಅದನ್ನ ನೋಡೇನಿ. ಆ ಹಾಳಿಯೊಳಗ ಏನಿತ್ತು, ನಾ ಓದಿಲ್ಲ."

"ಇದ ಅದು! ಹನ್ನೊಂದರ ಝೆರಾಕ್ಸ್ ನಿಮ್ಮ ಮುಂದನ ಇಟ್ಟೇನಿ."

"ಇದ ಅದು ಅಂತ ನೀ ಹೇಳ್ಲಿಕ್ಕತ್ತೀ. ನಾ ಕಂಡಿದ್ದು ಇಷ್ಟ: ಹಾಳಿ, ಬಿಳೇದು. ಓದಲಾರದ್ದಕ್ಕ ಪ್ರಮಾಣ ಮಾಡು ಅಂದ್ರ ಹ್ಯಾಂಗ ಸುಮೇಧಾ? ನೀ ಸೈನ್ಸ್ ಓದಿದಾಕಿ."

ಸಿಟ್ಟಿನಿಂದ ಝೆರಾಕ್ಸ್ ಹಾಳೆಗಳನ್ನು ಎತ್ತಿ ಚೀಲಕ್ಕೆ ತುರುಕಿದೆ. ಹೆದರಿಕೊಂಡು ಹಿಂಜರಿದಿದ್ದರೆ ಬೈಯಬಹುದಿತ್ತು. ಅವರು ಹೆದರಿರಲಿಲ್ಲ, ಸರಿಯಾಗಿ ಹೇಳುತ್ತಿದ್ದರು. ಕಾಣದ್ದನ್ನು ಕಂಡೆ ಎಂದು ದಾಖಲಿಸಬಾರದು. ನನಗೂ ಅದನ್ನೇ ಕಲಿಸಿದ್ದು. ಆದರೆ ಎಲಿಬಾವಿ ಠಾಣೆಯಲ್ಲಿ ಒಂದಿಷ್ಟೂ ನಿಜವಿಲ್ಲದ ಕಾಗದ ಹನ್ನೆರಡು ವರ್ಷ ನಿಂತಿರುವಾಗ, ನಿಜದ ಬಗ್ಗೆ ಇಷ್ಟು ಮಡಿ ಮಾಡುವವರು ನಮ್ಮ ಕಡೆಯವರೇ ಆಗಬೇಕಿತ್ತೇ?

"ಚಾ ಕುಡಿದು ಹೋಗು," ಎಂದರು ಕಾಕಾ.

"ಬ್ಯಾಡ," ಎಂದೆ. ಕುಡಿಯದೆ ಬಂದೆ.

ಉಳಿದದ್ದು ನಾಗಪ್ಪ. ಆ ಹನ್ನೊಂದರಲ್ಲಿ ಎಂಟು ಮುಚ್ಚಳಿಕೆಗಳನ್ನು ತುಂಬಿದ ಕೈ ಅವನದು; ಹಂಸಭಾವಿಯವನಿಗಿಂತ ಮುಂಚೆ ಠಾಣೆಯಲ್ಲಿ ರೈಟರ್ ಆಗಿದ್ದು, ಈಗ ನಿವೃತ್ತನಾಗಿ ಹಾನಗಲ್ಲಿನಲ್ಲಿದ್ದ. ಮನೆಯ ಹಿಂದೆ ಹತ್ತು ಮಾವಿನ ಗಿಡ ಬೆಳೆಸಿಕೊಂಡು, ಅವುಗಳ ಬುಡಕ್ಕೆ ನೀರು ಬಿಡುತ್ತಿದ್ದ. ನನ್ನನ್ನು ಕಂಡು ಪೈಪನ್ನು ಕೆಳಗಿಟ್ಟ. ಮರೆಮಾಚಲಿಲ್ಲ. ಅವನಿಗೆ ಅದರಲ್ಲಿ ಮುಚ್ಚಿಡುವಂಥದ್ದೇನೂ ಕಂಡಿರಲಿಲ್ಲ.

"ಪಟ್ಟಿನಾಗ ಇದ್ದವರದು ವರ್ಷಕ್ಕೊಂದು ಹಾಳಿ ಫೈಲಿನಾಗ ಇರಬೇಕ್ರಿ. ಇಲ್ಲಂದ್ರ ತಪಾಸಣಿಗೆ ಬಂದ ಸಾಹೇಬ್ರು ಬೈತಾರ. ಮನಿ ಮನಿ ಹೋಗಿ ಹುಡುಕೋದು ಯಾರು? ಸಭಾಕ್ಕ ಹೆಂಗೂ ಬರ್ತಾರಲ್ಲ, ಅಲ್ಲೇ ತೊಗೊಂಡು ಬಿಡ್ತಿದ್ವಿ."

"ತಹಶೀಲ್ದಾರ್ ಕಚೇರಿಗೆ ಕಳಿಸ್ತಿದ್ರೇನು?"

"ಕಳಿಸಿದ್ರ ಕೇಸ್ ಆಗ್ತೈತ್ರಿ. ಪಾಪ, ಹಯಾತಣ್ಣಗ ಯಾಕ ಕೇಸ್ ಮಾಡೋದು?"

"ಹಂಗಾರ ಪಟ್ಟಿಯಿಂದ ಹೆಸರು ತೆಗೀಬೇಕಿತ್ತಲ್ಲ?"

"ಹೆಸರು ಹಚ್ಚಾಕ ಒಂದು ಸಹಿ ಸಾಕು ಮೇಡಂ. ತೆಗೀಬೇಕಂದ್ರ ನಾ ಬರೀಬೇಕು, ಪಿಎಸ್ಐ ಬರೀಬೇಕು, ಮ್ಯಾಲಿನವರು ಕೇಳ್ತಾರ ಯಾಕ ತೆಗೀತೀರಿ ಅಂತ, ನಾಳೆ ಏನರ ಆದ್ರ ಯಾರ ಹೊಣಿ ಅಂತ. ಯಾರು ಮೈಮ್ಯಾಲೆ ಹಾಕ್ಕೋತಾರ?"

"ಅವಗ ಓದಿಯಾದರೂ ಹೇಳಬಹುದಿತ್ತಲ್ಲ ನಾಗಪ್ಪ."

ಅವನು ನಿಜವಾಗಿ ನೊಂದುಕೊಂಡ. "ಓದಿ ಹೇಳಿದ್ರ ಬ್ಯಾಸರ ಮಾಡ್ಕೋತಿದ್ನಲ್ರಿ. ಒಳ್ಳೆ ಮನಷಾ."

ಇದನ್ನು ಬರೆದುಕೊಡು ಎಂದರೆ ಕೈ ಮುಗಿದ. ಪಿಂಚಣಿ ಇದೆ, ಬೇಡ ಎಂದ.

ಆ ವರ್ಷ ಯುಗಾದಿ ಏಪ್ರಿಲ್ 9ಕ್ಕೆ, ರಂಜಾನ್ ಹಬ್ಬ 11ಕ್ಕೆ. ಎರಡಕ್ಕೂ ಸೇರಿಸಿ, ಚುನಾವಣೆಯನ್ನೂ ಗಂಟು ಹಾಕಿ, ಏಪ್ರಿಲ್ 6ರ ಶನಿವಾರ ಮಧ್ಯಾಹ್ನ ನಾಲ್ಕೂವರೆಗೆ ಎಲಿಬಾವಿಯ ಪಂಚಾಯಿತಿ ಸಭಾಂಗಣದಲ್ಲಿ ಶಾಂತಿ ಸಭೆ ಕರೆದಿದ್ದರು. ಬೆಳಿಗ್ಗೆಯೇ ಹಯಾತನಿಗೆ ಫೋನ್ ಮಾಡಿದೆ.

"ಹೋಗಬ್ಯಾಡ್ರಿ. ಹೋದ್ರ ಹನ್ನೆರಡನೇದು ಆಗ್ತದ."

"ಇಲ್ರಿ ಅಕ್ಕಾರ, ಹೋಗಂಗಿಲ್ಲ."

ನಾಲ್ಕೂವರೆಗೆ ಮತ್ತೆ ಮಾಡಿದರೆ ಮುಮ್ತಾಜಬೇಗಂ ಎತ್ತಿದಳು. "ಎಲಿ ತೊಳದು ಕಟ್ಟಿಕೊಂಡು ಈಗರ ಹ್ವಾದ್ರಿ. 'ನಾ ಹೋಗಲಿಲ್ಲಂದ್ರ ಸಭಾಕ್ಕ ಎಲಿ ಯಾರು ಒಯ್ಯಾವ್ರು' ಅಂತ. ನಾ ಎಷ್ಟು ಹೇಳಿದ್ರೂ ಕೇಳಲಿಲ್ಲ. ರೌಡಿ ಅಂದ ಮ್ಯಾಲೆ ಹೆಂಡ್ತಿ ಮಾತು ಕೇಳ್ತಾನೇನ್ರಿ?"

ನಾನು ಸ್ಕೂಟರ್ ತೆಗೆದೆ. ಅಲ್ಲಿ ಮುಟ್ಟುವ ಹೊತ್ತಿಗೆ ಭಾಷಣಗಳು ಮುಗಿದು ಸಹಿ ನಡೆದಿತ್ತು. ಉದ್ದನೆಯ ಹಾಳೆ ಕೈಯಿಂದ ಕೈಗೆ ಸಾಗುತ್ತಿತ್ತು. ಬೀಟಿನ ಪೊಲೀಸ್ ಹಯಾತನ ಮುಂದೆ ಬೇರೆ ಹಾಳೆ ಹಿಡಿದಿದ್ದ. ಹಯಾತ ಅದನ್ನು ಕೈಯಲ್ಲಿ ತೆಗೆದುಕೊಂಡು, ಸಹಿಯನ್ನೂ ಮಾಡಲಾರದೆ, ಹಿಂದಕ್ಕೂ ಕೊಡಲಾರದೆ ನಿಂತಿದ್ದ. ಮುಖದಲ್ಲಿ ಬೆವರು. ನಾನು ಬಾಗಿಲಲ್ಲೇ ಇದ್ದೆ. ಕೂಗುವಷ್ಟರಲ್ಲಿ ಪಕ್ಕದ ಕುರ್ಚಿಯಿಂದ ಕಾಕಾ ಕೈ ಚಾಚಿದರು.

"ತಾ ಇಲ್ಲೆ. ನೋಡೂಣು."

"ಸರ್, ಅದು ನಿಮಗಲ್ಲರಿ," ಎಂದ ಪೊಲೀಸ್. ಅವನೂ ಅವರ ಶಿಷ್ಯನೇ.

"ಗೊತ್ತದ. ಓದ್ಲಿಕ್ಕೆ ಕೇಳಿದೆ."

ಕಾಕಾ ಕನ್ನಡಕ ಏರಿಸಿದರು. ಮೂವತ್ತೊಂದು ವರ್ಷ ಹಿಂದಿನ ಬೆಂಚಿನವರೆಗೆ ಮುಟ್ಟುತ್ತಿದ್ದ ದನಿಯಲ್ಲಿ, ಒಂದು ಅಕ್ಷರ ಬಿಡದೆ ಓದಿದರು. "'ಈ ಕೆಳಗೆ ಸಹಿ ಮಾಡಿದ ನಾನು, ಸಮಾಜದ ಶಾಂತಿಗೆ ಭಂಗ ತರುವ ಸ್ವಭಾವದವನಾಗಿದ್ದು, ಮುಂದಿನ ಒಂದು ವರ್ಷ ಯಾವುದೇ ದೊಂಬಿ, ಹೊಡೆದಾಟಗಳಲ್ಲಿ ಭಾಗವಹಿಸುವುದಿಲ್ಲವೆಂದು...'"

ಹಯಾತ ಆ ಮಾತುಗಳನ್ನು ಕೇಳಿದ್ದು ಅದೇ ಮೊದಲು. ಬಗಲಲ್ಲಿದ್ದ ಎಲೆಯ ಗಂಟನ್ನು ಮೆಲ್ಲಗೆ ಕೆಳಗಿಟ್ಟ.

"ಸ್ವಭಾವದವನಾಗಿದ್ದು," ಎಂದು ಕಾಕಾ ಇನ್ನೊಮ್ಮೆ ಓದಿದರು. ಹೊಸದಾಗಿ ಬಂದಿದ್ದ ತರುಣ ಪಿಎಸ್ಐ ಕಡೆ ತಿರುಗಿದರು. "ಸಾಹೇಬ್ರ, ಇದು ಶಾಂತಿಗೆ ಛಲೋ ಅದ. ಉದ್ದನ್ನ ಹಾಳಿಯೊಳಗ ಇಷ್ಟು ಇಲ್ಲ. ನನಗೂ ಇದನ್ನ ಒಂದು ಕೊಡ್ರಿ."

"ಸರ್, ನಿಮಗ ಯಾಕ್ರಿ..."

"ಯಾಕಂದ್ರ? ನಾ ದೊಂಬಿ ಮಾಡ್ತೇನಿ ಅಂತ ಅನ್ನಸ್ತದೇನು ನಿಮಗ?"

"ಛೇ ಛೇ, ಇಲ್ಲ ಸರ್."

"ಮತ್ತ? ಮಾಡಂಗಿಲ್ಲ ಅಂತ ಬರದು ಕೊಡ್ಲಿಕ್ಕತ್ತೇನಿ. ಬ್ಯಾಡ ಅಂತೀರೇನು?"

ಯಾರೋ ಕಿಸಕ್ಕನೆ ನಕ್ಕರು. ಪಿಎಸ್ಐ ಏನು ಮಾಡಬೇಕೆಂದು ತೋಚದೆ ಪೊಲೀಸನಿಗೆ ಸನ್ನೆ ಮಾಡಿದರು. ಪೊಲೀಸನ ಬಳಿ ಇದ್ದದ್ದು ನಾಲ್ಕು ಹಾಳೆ; ಊರಲ್ಲಿ ಪಟ್ಟಿಯಲ್ಲಿದ್ದವರು ನಾಲ್ವರು. ಒಂದನ್ನು ಕಾಕಾ ತೆಗೆದುಕೊಂಡು, ತುಂಬಿ, ಸಹಿ ಮಾಡಿ, ತಾರೀಖು ಹಾಕಿದರು. ಹಯಾತನೂ ಸಹಿ ಮಾಡಿದ. "ಮಾಡು, ನಾನೂ ಮಾಡೇನಿ," ಎಂದಿದ್ದರು ಕಾಕಾ. ನಾನು ಎರಡರದ್ದೂ ಮೊಬೈಲಿನಲ್ಲಿ ಚಿತ್ರ ತೆಗೆದೆ. ಕೊನೆಗೆ ಪಟ್ಟಿಯಲ್ಲಿದ್ದ ಅಕೀಬ ಎಂಬ ಗ್ಯಾರೇಜಿನವನಿಗೆ ಹಾಳೆ ಉಳಿಯಲಿಲ್ಲ.

"ಉದ್ದನ್ನ ಹಾಳಿ ಮ್ಯಾಲೇ ಮಾಡು," ಎಂದ ಪೊಲೀಸ್.

ಸಭೆ ಮುಗಿದು ಹೊರಗೆ ಬಂದಾಗ ಕಾಕಾ ನನ್ನ ಸ್ಕೂಟರಿನ ಹತ್ತಿರ ನಿಂತರು. "ಈಗ ಓದೇನಿ. ಈಗ ಬರಿ ನಿನ್ನ ಅಫಿಡವಿಟ್. ಆರನೇ ತಾರೀಖಿಂದು ಅಷ್ಟ ಬರಿ. ಹಿಂದಿನ ಹನ್ನೊಂದು ಬರೀಬ್ಯಾಡ."

"ಆತು ಕಾಕಾ."

"ಬರದ ಮ್ಯಾಲೆ ನನಗೊಮ್ಮೆ ತೋರಸು."

ಏಪ್ರಿಲ್ 16ರಂದು ಸರಕಾರಿ ವಕೀಲರು ಸೂಚನೆ ಪಡೆಯಬೇಕೆಂದು ಸಮಯ ಕೇಳಿದರು. ಒಂಬತ್ತು ದಿನ ಹೋಯಿತು. 25ರಂದು, ರಜೆಗೆ ಮುಂಚಿನ ಕೊನೆಯ ವಾರದಲ್ಲಿ, ಅವರು ಠಾಣೆಯಿಂದ ಬಂದ ಹೊಸ ಹೇಳಿಕೆಯೊಂದನ್ನು ಸಲ್ಲಿಸಿದರು. ಅವರೂ ಅದನ್ನು ಓದಿರಲಿಲ್ಲ ಎಂದು ನನ್ನ ನಂಬಿಕೆ. 'ಏಪ್ರಿಲ್ 6ರಂದು ಮುಚ್ಚಳಿಕೆ ಬರೆದುಕೊಟ್ಟ, ಹಬ್ಬ ಮತ್ತು ಚುನಾವಣೆಯ ನಿಮಿತ್ತ ನಿಗಾದಲ್ಲಿ ಇಡಬೇಕಾದ ವ್ಯಕ್ತಿಗಳು.' ನಾಲ್ಕು ಹೆಸರು. ಹಯಾತ ಇದ್ದ, ಮತ್ತಿಬ್ಬರು ಇದ್ದರು. ನಾಲ್ಕನೆಯದು: ರಾಘವೇಂದ್ರ, ವಯಸ್ಸು 69, ನಿವೃತ್ತ ಶಿಕ್ಷಕ. ಅಕೀಬನ ಹೆಸರು ಇರಲಿಲ್ಲ.

ನಾನು ಕಾಕಾನ ಅಫಿಡವಿಟ್ ತೋರಿಸಿ ಆರನೇ ತಾರೀಖಿನ ಸಭೆಯ ವಿಷಯ ಹೇಳಿದೆ. ನ್ಯಾಯಮೂರ್ತಿಗಳು ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದರು.

"ಈ ನಿವೃತ್ತ ಶಿಕ್ಷಕರ ಮೇಲೆ ಪ್ರಕರಣವೇನಾದರೂ ಇದೆಯೇ?" ಎಂದು ಸರಕಾರಿ ವಕೀಲರನ್ನು ಕೇಳಿದರು.

"ಇಲ್ಲ, ಸ್ವಾಮಿ."

"ಮತ್ತೆ ನಿಗಾ ಏಕೆ?"

"ಮುಚ್ಚಳಿಕೆ ಬರೆದುಕೊಟ್ಟಿದ್ದಾರೆ ಎಂದು..." ಅವರು ಅಲ್ಲಿಗೆ ನಿಲ್ಲಿಸಿದರು.

ಆದೇಶ ಅಂದೇ ಬಂತು. ಹಯಾತನ ಹೆಸರನ್ನು ಪಟ್ಟಿಯಿಂದ ತೆಗೆಯಬೇಕು. ನಾಲ್ಕು ವಾರದೊಳಗೆ ಪ್ರಮಾಣಪತ್ರ ಕೊಡಬೇಕು. ನಾನು ಎದ್ದುನಿಂತು ಎರಡನೆಯ ಕೋರಿಕೆಯನ್ನು ನೆನಪಿಸಿದೆ. ತಿಳಿಸದೆ ಹೆಸರು ಸೇರಿಸುವ ಪದ್ಧತಿ, ಉಳಿದ ಮೂವರು, ಉಳಿದ ಊರುಗಳು.

"ನಿಮ್ಮ ಕಕ್ಷಿದಾರರಿಗೆ ಪರಿಹಾರ ಸಿಕ್ಕಿದೆಯಲ್ಲ," ಎಂದರು ನ್ಯಾಯಮೂರ್ತಿಗಳು. ಆದೇಶದ ಕೊನೆಯಲ್ಲಿ ಒಂದು ಸಾಲು ಸೇರಿತು: ಆ ಪ್ರಶ್ನೆಯನ್ನು ಸೂಕ್ತ ಪ್ರಕರಣದಲ್ಲಿ ಪರಿಗಣಿಸಲು ಮುಕ್ತವಾಗಿ ಇಡಲಾಗಿದೆ. ಇಂಥ ಸಾಲುಗಳನ್ನು ನಾನು ಬಹಳ ಓದಿದ್ದೇನೆ. ಆ ಸೂಕ್ತ ಪ್ರಕರಣ ಯಾವಾಗಲೂ ಮುಂದಿನದೇ ಆಗಿರುತ್ತದೆ.

ಅಕೀಬ ಮಾತ್ರ ಕಚೇರಿಗೆ ಬಂದು ಕೇಳಿದ: "ಹಾಳಿ ಸಾಲಲಿಲ್ಲಂತ ನನ್ನ ಹೆಸರು ಬಿಟ್ಟಾರಂತಲ್ರಿ. ಹಂಗಾರ ನಾ ಈಗ ರೌಡಿ ಅಲ್ಲೇನ್ರಿ?"

"ಪಟ್ಟಿನಾಗ ಅದೀರಿ. ನಿಗಾದಾಗ ಇಲ್ಲ."

"ಅಂದ್ರ?"

"ನನಗೂ ಗೊತ್ತಿಲ್ಲ," ಎಂದೆ. ಅವನ ಅರ್ಜಿಯನ್ನೂ ಬರೆಯಲು ಶುರುಮಾಡಿದೆ.

ನಾಲ್ಕು ವಾರ ಎಂದರೆ ಮೇ 23. ಹಯಾತ ದಿನ ಬಿಟ್ಟು ದಿನ ಠಾಣೆಗೆ ಹೋದ. ಆದೇಶದ ದೃಢೀಕೃತ ಪ್ರತಿ ಬರಲಿ ಎಂದರು, ಬಂತು. ಸಿಬ್ಬಂದಿ ಚುನಾವಣೆಯ ಕೆಲಸಕ್ಕೆ ಹೋಗಿದ್ದಾರೆ ಎಂದರು, ಚುನಾವಣೆ ಮುಗಿಯಿತು. ಮತ ಎಣಿಕೆ ಮುಗಿಯಲಿ ಎಂದರು. ಮೇಲಿನ ಕಚೇರಿಯಿಂದ ಸೂಚನೆ ಬರಬೇಕು ಎಂದರು. ನಾನು ಮೇಲಿನ ಕಚೇರಿಗೆ ಫೋನ್ ಮಾಡಿದರೆ, ಠಾಣೆಯಿಂದ ವರದಿಯೇ ಬಂದಿಲ್ಲ ಎಂದರು. ಠಾಣೆಯಲ್ಲಿ ಕೇಳಿದರೆ ಕಳಿಸಿದ್ದೇವೆ ಎಂದು ರವಾನೆ ಪುಸ್ತಕದ ಸಂಖ್ಯೆ ತೋರಿಸಿದರು. ಆ ಸಂಖ್ಯೆಯಡಿ ಹೋದದ್ದು ಬೇರೆ ಯಾರದೋ ಕಳುವಾದ ಮೋಟರ್ ಪಂಪಿನ ಪತ್ರ.

ಮೇ 28ರಂದು ನಾನು ಆದೇಶದ ಪ್ರತಿ ಹಿಡಿದು ಶಾಲೆಗೆ ಹೋದೆ. ಮುಖ್ಯಾಧ್ಯಾಪಕಿ ಸಮಾಧಾನದಿಂದ ಓದಿದರು.

"ಕೋರ್ಟ್ ಇವರು ರೌಡಿ ಅಲ್ಲ ಅಂದದ್ದು ಸರಿ ಮೇಡಂ. ನಮ್ಮ ಮಂಡಳಿ ಕೇಳಿರೋದು ಪೊಲೀಸ್ ಕಾಗದ. ಪಾಲಕರು ಕೇಳ್ತಾರ."

ಮೇ 29ರಂದು ಶಾಲೆ ತೆರೆಯಿತು. ಎಲಿಬಾವಿಯ ದಾರಿ ಬೇರೊಬ್ಬರಿಗೆ ಹೋಯಿತು. ಏಳು ವರ್ಷ ತಾನು ಕೈಹಿಡಿದು ಇಳಿಸಿದ ಮಕ್ಕಳು ಬೇರೆ ವ್ಯಾನು ಹತ್ತುವುದನ್ನು ಹಯಾತ ತನ್ನ ಕಟ್ಟೆಯ ಮೇಲಿಂದ ನೋಡಿದನಂತೆ. ಒಂದು ಮಗು ಅಲ್ಲಿಂದಲೇ ಕೂಗಿ, 'ಚಾಚಾ, ನೀವ್ಯಾಕ ಬರವಲ್ರಿ?' ಎಂದು ಕೇಳಿತಂತೆ. ಅವನು ವ್ಯಾನು ರಿಪೇರಿಗೆ ಬಂದಿದೆ ಎಂದನಂತೆ. ಇದನ್ನು ನನಗೆ ಹೇಳಿದ್ದು ಮುಮ್ತಾಜಬೇಗಂ. ಆ ದಿನ ಅವಳು ತಮಾಷೆ ಮಾಡಲಿಲ್ಲ.

ಜೂನ್ 10ರಂದು ನ್ಯಾಯಾಂಗ ನಿಂದನೆಯ ನೋಟೀಸು ಕಳಿಸಿದೆ. 14ರಂದು, ಶುಕ್ರವಾರ, ಪ್ರಮಾಣಪತ್ರ ಬಂತು. ಅರ್ಧ ಪುಟ. 'ಅರ್ಜಿದಾರರ ವಿರುದ್ಧ ಈ ಠಾಣೆಯಲ್ಲಿ ಯಾವುದೇ ಪ್ರತಿಕೂಲ ದಾಖಲೆ ಇರುವುದಿಲ್ಲ.' ಅದನ್ನು ಟೈಪು ಮಾಡಲು ಎಷ್ಟು ಹೊತ್ತು ಹಿಡಿಯುತ್ತದೆಂದು ನಾನು ಅದೇ ವಾಕ್ಯವನ್ನು ಟೈಪು ಮಾಡಿ ನೋಡಿದೆ. ಬೇಡವಾಗಿತ್ತು; ಸಿಟ್ಟು ಇನ್ನಷ್ಟು ಏರಿತು.

ಶಾಲೆಯವರು ಹಯಾತನನ್ನು ಮರಳಿ ತೆಗೆದುಕೊಂಡರು. ಎಲಿಬಾವಿಯ ದಾರಿಯನ್ನು ವರ್ಷದ ನಡುವೆ ಬದಲಿಸಲು ಬರುವುದಿಲ್ಲವೆಂದರು. ಉಳಿದಿದ್ದದ್ದು ತಡಸದ ಕಡೆಯ ದಾರಿ. ದೂರದ್ದು, ಆರು ಹಳ್ಳಿ ಸುತ್ತಿಕೊಂಡು ಬರುವಂಥದ್ದು, ಯಾರಿಗೂ ಬೇಡವಾದದ್ದು.

"ಆಗಲ್ರಿ," ಎಂದ ಹಯಾತ. "ಅಲ್ಲೀ ಮಕ್ಕಳೂ ಮಕ್ಕಳ ಅಲ್ರಿ."

"ನನಗ ಸಿಟ್ಟು ಬರ್ತದ ಹಯಾತಣ್ಣ. ನಿಮಗ ಬರಂಗಿಲ್ಲೇನು?"

"ಬರ್ತೈತ್ರಿ ಅಕ್ಕಾರ. ಬಂದ್ರ ಎಲ್ಲಿ ಇಡ್ಲಿ? ವ್ಯಾನಿನಾಗ ಮಕ್ಕಳು ಇರ್ತಾವು."

ಜೂನ್ 18, ಮಂಗಳವಾರ, ಅವನ ಮೊದಲ ದಿನ. ಹೊಸ ದಾರಿಯ ಅಂತರವನ್ನು ಮಂಡಳಿಗೆ ಬರೆದುಕೊಡಬೇಕಾಗಿತ್ತು, ಒಬ್ಬರು ಸಾಕ್ಷಿ ಸಹಿ ಮಾಡಬೇಕಾಗಿತ್ತು. ನಾನೇ ಹೋದೆ. ತಡಸದಲ್ಲಿ ಮೊದಲ ಮಗು ಹತ್ತುವ ಮುಂಚೆ ಹಯಾತ ಮೀಟರನ್ನು ಸೊನ್ನೆಗೆ ತಂದ. ಪ್ರತಿ ನಿಲುಗಡೆಯಲ್ಲೂ ಇಳಿದು ಬಾಗಿಲನ್ನು ತಾನೇ ಹಾಕಿದ. ಎದುರಿಗೆ ಟ್ರ್ಯಾಕ್ಟರ್ ಬಂದಾಗ ಅಂಚಿಗೆ ಸರಿದು ನಿಂತ. ಶಾಲೆಯ ಗೇಟಿನಲ್ಲಿ ಮಕ್ಕಳೆಲ್ಲ ಇಳಿದ ಮೇಲೆ ಅವನು ಅಂತರದ ಕಾಗದವನ್ನು ತೆಗೆದು, ಸ್ಟೇರಿಂಗ್ ಮೇಲೆ ಬಿಡಿಸಿ, ಮೊದಲ ಅಕ್ಷರದಿಂದ ಕೊನೆಯವರೆಗೆ ಬೆರಳಿಟ್ಟು ಓದಿದ. ಆಮೇಲೆ ಸಹಿ ಮಾಡಿ ನನಗೆ ಕೊಟ್ಟ. ನಾನೂ ಓದಿ ಸಹಿ ಮಾಡಿದೆ. ಒಂದು ಸುತ್ತಿಗೆ 27.4 ಕಿಲೋಮೀಟರ್.